ರೋಮನ್ ಅಕ್ಷರಕ್ಕೆ ಗೆರೆ, ಚುಕ್ಕೆ ಹಾಕುವ ಸುಲಭ ದಾರಿ

ಕನ್ನಡ ಗಾದೆಗಳನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಬೇಕಿತ್ತು. ದೀರ್ಘ ಸ್ವರಕ್ಕೆ ಮೇಲೊಂದು ಗೆರೆ. ಟ, ಣ, ಳ ಬಂದರೆ ಕೆಳಗೊಂದು ಚುಕ್ಕೆ. ಕಾಪಿ-ಪೇಸ್ಟ್ ಮಾಡಿ ಸಾಕಾಯಿತು. ಆಲ್ಟ್ ಒತ್ತಿ ನಂಬರ್ ಹೊಡೆಯುವ ವಿಂಡೋಸ್ ಉಪಾಯ ನನ್ನ ಉಬುಂಟುವಿನಲ್ಲಿ (ವಿಂಡೋಸ್ ಬದಲು ಬಳಸುವ ಲಿನಕ್ಸ್ ವ್ಯವಸ್ಥೆ) ನಡೆಯಲ್ಲ.

ಕೈಹಿಡಿದದ್ದು ಕಂಪೋಸ್ ಕೀ, ಅಂದರೆ ಅದರ ಬಳಿಕ ಒತ್ತಿದ ಕೀಗಳನ್ನು ಸೇರಿಸಿ ಒಂದೇ ಅಕ್ಷರ ಮೂಡಿಸುವ ಕೀ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ, ಸುಮ್ನೆ ಬಿದ್ದಿರುವ ಕ್ಯಾಪ್ಸ್ ಲಾಕನ್ನೇ ಆ ಕೆಲಸಕ್ಕೆ ಹಚ್ಚಿದೆ. ಅದನ್ನು ಒತ್ತಿ ಬಿಟ್ಟು, ಅಂಡರ್‌ಸ್ಕೋರ್, ಆಮೇಲೆ ಇಂಗ್ಲಿಷಿನ 'ಎ' (a) ಒತ್ತಿದರೆ ಅದರ ಮೇಲೆ ಗೆರೆ ಬರುತ್ತದೆ. ಹಾಗೆಯೇ ಕಂಪೋಸ್ ಕೀ ಬಳಿಕ ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ 'ಎಲ್' ಒತ್ತಿದರೆ ಳ-ಕಾರದ ಚುಕ್ಕೆ. ಆ ಚಿಹ್ನೆಯ ಕೆಳಗೂ ಚುಕ್ಕೆ ಇದೆ ಅಲ್ವಾ, ಹಾಗಾಗಿ ಮರೆಯಲ್ಲ! ಕೀಗಳನ್ನು ಒಟ್ಟಿಗೆ ಅದುಮಬಾರದು, ಒಂದಾದ ಮೇಲೊಂದು. ಜರ್ಮನ್‌ನ ಎರಡು ಚುಕ್ಕೆಯ 'ಯು' ಬೇಕಾದರೆ ಡಬಲ್ ಕೋಟ್, ಆಮೇಲೆ 'ಯು'. ವಿಂಡೋಸ್‌ನವರಿಗೆ ಇದೇ ಕೆಲಸ ಮಾಡುವ ವಿನ್‌ಕಂಪೋಸ್ ಎಂಬ ಉಚಿತ ತಂತ್ರಾಂಶವಿದೆ.