ರಾಜ್ಯಪಾಲರ ಆಸ್ತಿ-ಹಿನ್ನೆಲೆ ದಾಖಲೆ: ಕೊಪ್ಪಳದಲ್ಲಿ ಕೂತು ಕಲೆಹಾಕಿದ ಬಗೆ

2021ರಲ್ಲಿ ಕರ್ನಾಟಕದ ರಾಜ್ಯಪಾಲರಾದ ಥಾವರ್‌ಚಂದ್ ಗೆಹ್ಲೋಟ್ ಅವರ ಹಿನ್ನೆಲೆ, ರಾಜಕೀಯದ ಹಾದಿ, ಆಸ್ತಿ, ಕೇಸು ಎಲ್ಲವನ್ನೂ ಒಂದು ಹಾಳೆಗೆ ತರುತ್ತೇವೆ ಎಂದಾಗ ಇಲ್ಲಿನ ಹಿರಿಯ ವರದಿಗಾರರು ಒಪ್ಪಲಿಲ್ಲ. "ಅವರು ಎಲೆಕ್ಷನ್ನಿಗೆ ನಿಲ್ಲೋದೇ ಇಲ್ಲ, ಅಫಿಡವಿಟ್ ಎಲ್ಲಿಂದ ತರ್ತೀರಿ?" ಎಂದರು. ಅದು ಅರ್ಧ ನಿಜ. ನೇಮಕಕ್ಕೆ ಸಂವಿಧಾನದ 157ನೇ ವಿಧಿ ಕೇಳುವುದು ಪೌರತ್ವ ಮತ್ತು 35 ವರ್ಷ, ಅಷ್ಟೇ. ಆದರೆ ಆ ಕುರ್ಚಿಗೆ ಬರುವವರಲ್ಲಿ ಬಹಳ ಮಂದಿ ಮೊದಲು ಚುನಾವಣೆ ಕಂಡವರು. ಆಗ ಆಸ್ತಿ, ಕೇಸಿನ ವಿವರ ಬರೆದು ಕೊಟ್ಟ ಅಫಿಡವಿಟ್ ಇದ್ದಲ್ಲೇ ಇರುತ್ತದೆ. ಏಳು ತಿಂಗಳು ಹಿಡಿಯಿತು, ಹಾಳೆ ಈಗ ಕೈಯಲ್ಲಿದೆ. ಕಲ್ಯಾಣ ಕರ್ನಾಟಕಕ್ಕೆ ಇದು ಬೇಕೇ ಬೇಕು: 371(ಜೆ) ಅಡಿ ನಮ್ಮ ಏಳು ಜಿಲ್ಲೆಗಳ ಅಭಿವೃದ್ಧಿಯ ವಿಶೇಷ ಹೊಣೆ ಇರುವುದು ರಾಜ್ಯಪಾಲರ ಮೇಲೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೂ ಅವರೇ ಕುಲಾಧಿಪತಿ.

ಮೊದಲು ಕಟ್ಟಿದ್ದು ವರ್ಷಗಳ ಸರಪಳಿ. ಥಾವರ್‌ಚಂದ್ ಗೆಹ್ಲೋಟ್ ಹುಟ್ಟಿದ್ದು 1948ರಲ್ಲಿ, ಉಜ್ಜಯಿನಿ ಜಿಲ್ಲೆಯಲ್ಲಿ. ಮಧ್ಯಪ್ರದೇಶದ ಆಲೋಟ್‌ನಿಂದ ಶಾಸಕರು. 1996ರಿಂದ 2009ರವರೆಗೆ ಶಾಜಾಪುರದ ಲೋಕಸಭಾ ಸದಸ್ಯರು. 2009ರಲ್ಲಿ ದೇವಾಸ್‌ನಲ್ಲಿ ಸೋಲು. 2012 ಮತ್ತು 2018ರಲ್ಲಿ ರಾಜ್ಯಸಭೆ. 2014ರಿಂದ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಸಚಿವರು. 2021ರ ಜುಲೈ 11ರಂದು ಕರ್ನಾಟಕದ ರಾಜ್ಯಪಾಲರಾಗಿ ಪ್ರಮಾಣವಚನ. ಈ ಸಾಲನ್ನು ಬರೆದಿಟ್ಟುಕೊಂಡರೆ ಯಾವ ಕಾಗದ ಎಲ್ಲಿ ಹುಡುಕಬೇಕೆಂದು ತಾನಾಗಿ ಗೊತ್ತಾಗುತ್ತದೆ. ಅಫಿಡವಿಟ್ ಕಡ್ಡಾಯವಾದದ್ದು 2002-03ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ. ಹಾಗಾಗಿ 2004, 2009, 2012, 2018 ಈ ನಾಲ್ಕು ಸಿಗಬೇಕು. ಜೊತೆಗೆ ಕೇಂದ್ರ ಸಚಿವರು ಮಾರ್ಚ್ 31ಕ್ಕೆ ಲೆಕ್ಕ ಹಾಕಿ ಕೊಡುವ ವಾರ್ಷಿಕ ಆಸ್ತಿ ಘೋಷಣೆ ಬೇರೆ.

ಮೊದಲ ಪೆಟ್ಟು ತಿಂದದ್ದು ಒಟ್ಟು ಮೊತ್ತ ಹೋಲಿಸಿದಾಗ. ಒಂದರ ಪಕ್ಕ ಇನ್ನೊಂದು ಟೋಟಲ್ ಇಟ್ಟು ಇಷ್ಟು ಪಟ್ಟು ಏರಿದೆ ಎಂದು ಬರೆಯುವುದು ಸುಲಭ, ಆದರೆ ತಪ್ಪು. ಅಭ್ಯರ್ಥಿಗಳು ಅಫಿಡವಿಟ್ ಕೊಡುವ ನಮೂನೆ 26 ಈಗಿನ ರೂಪಕ್ಕೆ ಬಂದದ್ದು 2012ರ ಆಗಸ್ಟ್‌ನಲ್ಲಿ. ರಾಜ್ಯಸಭೆಯ ಚುನಾವಣೆ ನಡೆದದ್ದು ಅದಕ್ಕೂ ಮೊದಲು, ಆ ವರ್ಷದ ಮಾರ್ಚ್‌ನಲ್ಲಿ. ಅಂದರೆ ಮೊದಲ ಮೂರು ಕಾಗದ ಹಳೇ ನಮೂನೆ, 2018ರದ್ದೊಂದೇ ಹೊಸದು. ಖರೀದಿಸಿದ ತಾರೀಖು, ಕೊಟ್ಟ ಬೆಲೆ, ಪಿತ್ರಾರ್ಜಿತವೋ ಅಲ್ಲವೋ ಎಂಬ ಕಲಂಗಳು ಸರಿಯಾಗಿ ಸಿಗುವುದು ಹೊಸದರಲ್ಲಿ. ಐದು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಬೇಕೆಂದದ್ದು 2019ರಿಂದ, ಆದ್ದರಿಂದ ಅದನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ನಾವು ಹುಡುಕಿ ಎರಡು ವಾರ ಕಳೆದೆವು.

ಟೋಟಲ್ ಬಿಟ್ಟು ಬಾಬು ಬಾಬಾಗಿ ಹಿಡಿದ ಮೇಲೆ ದಾರಿ ತೆರೆಯಿತು. ಚಿನ್ನವನ್ನೇ ತಗೊಳ್ಳಿ. 2004ರಲ್ಲಿ ಹತ್ತು ಗ್ರಾಂ ಆರು ಸಾವಿರದ ಆಸುಪಾಸು, 2009ರಲ್ಲಿ ಹದಿನಾಲ್ಕೂವರೆ, 2012ರಲ್ಲಿ ಮೂವತ್ತೊಂದು ಸಾವಿರ. 2018ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಯಾರದೇ ಅಫಿಡವಿಟ್ಟಿನಲ್ಲಿ 2004-12ರ ನಡುವೆ ಚಿನ್ನದ ಬೆಲೆ ಐದು ಪಟ್ಟಾದರೆ ಒಂದು ಗುಂಜಿಯೂ ಹೊಸದಾಗಿ ಕೊಳ್ಳದೆ ಹಾಗಾಗಿರಬಹುದು. 2012-18ರ ನಡುವೆ ಇಮ್ಮಡಿಯಾದರೆ ಮಾತ್ರ ತೂಕದ ಕಲಂಗೆ ಹೋಗಬೇಕು. ಗ್ರಾಂ ಬರೆಯದೆ ಬರೀ ರೂಪಾಯಿ ಬರೆದಿದ್ದರೆ ಆ ಬಾಬನ್ನು ಹೋಲಿಕೆಗೇ ತರಬಾರದು.

ಜಮೀನಿನದು ಇನ್ನೂ ದೊಡ್ಡ ಗೋಳು. ನಮ್ಮ ಕಣ್ಣು ಪಹಣಿಗೆ ಪಳಗಿದ್ದು: ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಖುಷ್ಕಿಯೋ (ಮಳೆಯಾಶ್ರಿತ), ತರಿಯೋ (ನೀರಾವರಿ), ಬಾಗಾಯ್ತೋ (ತೋಟ). ಮಧ್ಯಪ್ರದೇಶದ ಕಾಗದದಲ್ಲಿ ಸರ್ವೆ ನಂಬರಿಗೆ ಖಸ್ರಾ, ವಿಸ್ತೀರ್ಣಕ್ಕೆ ರಕ್‌ಬಾ, ಅಳತೆ ಹೆಕ್ಟೇರಿನಲ್ಲಿ. 1.250 ಎಂದಿದ್ದರೆ ಒಂದೂಕಾಲು ಎಕರೆ ಅಲ್ಲ, 3 ಎಕರೆ 3 ಗುಂಟೆಗೂ ತುಸು ಹೆಚ್ಚು. ಕೆಲವು ಕಡೆ ಬಿಘಾ ಬೇರೆ ಬರುತ್ತದೆ, ಅದರ ಅಳತೆ ಊರಿಂದೂರಿಗೆ ಬದಲು. ಇದು ಗೊತ್ತಾಗುವ ಮೊದಲೇ ಹಿಂದಿಯಿಂದ ಅನುವಾದ ಮಾಡಿಸಿ ಎರಡು ಸಾವಿರದ ಹತ್ತಿರ ಹಾಳು ಮಾಡಿದ್ದೆವು. ಅನುವಾದ ಚೆನ್ನಾಗಿಯೇ ಇತ್ತು, ಆದರೆ ಹೆಕ್ಟೇರನ್ನು ಎಕರೆ ಎಂದು ಬರೆದಿದ್ದರು. ಹಿಂದಿ ಬಲ್ಲವರಿಗಿಂತ ಅಲ್ಲಿನ ಪಟ್ವಾರಿ (ಗ್ರಾಮ ಲೆಕ್ಕಿಗ) ಕಚೇರಿಯ ಭಾಷೆ ಬಲ್ಲ ನಿವೃತ್ತ ಕಂದಾಯ ನೌಕರರನ್ನು ಹಿಡಿಯಿರಿ.

ಕೇಸುಗಳಿಗೆ ಇ-ಕೋರ್ಟ್ಸ್, ಅಂದರೆ ನ್ಯಾಯಾಲಯಗಳ ಪ್ರಕರಣ ಹುಡುಕುವ ಜಾಲತಾಣ. ನಮ್ಮಲ್ಲಿ ಕೊಪ್ಪಳ, ಬಳ್ಳಾರಿ ಧಾರವಾಡ ಪೀಠಕ್ಕೆ ಸೇರಿದರೆ ರಾಯಚೂರು ಕಲಬುರಗಿ ಪೀಠಕ್ಕೆ. ಅಲ್ಲೂ ಹಾಗೇ: ಹೈಕೋರ್ಟ್ ಜಬಲ್‌ಪುರದಲ್ಲಿದ್ದರೂ ಉಜ್ಜಯಿನಿ, ದೇವಾಸ್, ಶಾಜಾಪುರದ ಪ್ರಕರಣಗಳು ಇಂದೋರ್ ಪೀಠಕ್ಕೆ ಹೋಗುತ್ತವೆ. ಜಬಲ್‌ಪುರವನ್ನಷ್ಟೇ ನೋಡಿ ಏನೂ ಇಲ್ಲ ಎಂದು ಬರೆದುಬಿಡುವವರಿದ್ದೆವು. 361ನೇ ವಿಧಿಯನ್ನೂ ನೆನಪಿಡಿ: ಅಧಿಕಾರಾವಧಿಯಲ್ಲಿ ರಾಜ್ಯಪಾಲರ ವಿರುದ್ಧ ಕ್ರಿಮಿನಲ್ ಕ್ರಮ ಶುರು ಮಾಡುವಂತಿಲ್ಲ, ಮುಂದುವರಿಸುವಂತೆಯೂ ಇಲ್ಲ. ಆದ್ದರಿಂದ ಹುಡುಕಾಟ ಪ್ರಮಾಣವಚನದ ದಿನಕ್ಕಿಂತ ಹಿಂದಿನದ್ದಾಗಿರಬೇಕು. ಹೆಸರಿನ ಸ್ಪೆಲಿಂಗ್ ಹತ್ತಾರು ಬಗೆ. ಅವನ್ನು ಯಾವ ಕ್ರಮದಲ್ಲಿ ಹಾಕಿ ಹುಡುಕಿದೆವು, ಅದೇ ಹೆಸರಿನ ಬೇರೆಯವರನ್ನು ಹೇಗೆ ಬೇರ್ಪಡಿಸಿದೆವು ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಅದಕ್ಕೆ ಪಟ್ಟ ಶ್ರಮ ಸಣ್ಣದಲ್ಲ.

ನೈತಿಕ ದಾಖಲೆ ಎಂದರೆ ಎಲ್ಲರೂ ಕೇಸಿಗೇ ನಿಲ್ಲುತ್ತಾರೆ. ರಾಜ್ಯಸಭೆಯ ನಿಯಮ 293ರ ಅಡಿ ಸದಸ್ಯರ ಹಿತಾಸಕ್ತಿ ರಿಜಿಸ್ಟರ್ ಇದೆ: ಸಂಬಳ ತರುವ ನಿರ್ದೇಶಕ ಹುದ್ದೆ, ಸಂಭಾವನೆಯ ಕೆಲಸ, ಕಂಪನಿಯಲ್ಲಿ ಹಿಡಿತ ಕೊಡುವಷ್ಟು ಷೇರು, ಸಲಹೆಗಾರಿಕೆ, ವೃತ್ತಿ. ಲೋಕಸಭೆಯಲ್ಲಿ ಇಂಥದ್ದಿಲ್ಲ. ನಮ್ಮ ಹಾಳೆ ಬೇರೆಯವರದಕ್ಕಿಂತ ಗಟ್ಟಿಯಾದದ್ದು ಈ ಒಂದು ಕಲಂನಿಂದ.

ಮಾಹಿತಿ ಹಕ್ಕಿನಲ್ಲಿ ಎರಡು ಬಾರಿ ಮುಗ್ಗರಿಸಿದೆವು. ರಾಜ್ಯದ ಕಚೇರಿಯೊಂದಕ್ಕೆ ಕೊಟ್ಟ ಅರ್ಜಿ ವಾಪಸ್ ಬಂತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾವು ನಾಲ್ಕು ವಿಷಯ ತುಂಬಿದ್ದೆವು. ನಾಲ್ಕು ತುಂಡು ಮಾಡಿ, ತಲಾ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆವು. ಎರಡಕ್ಕೆ ಉತ್ತರ ಬಂತು. ಒಂದಕ್ಕೆ 8(1)(ಜೆ) ತೋರಿಸಿ ವೈಯಕ್ತಿಕ ಮಾಹಿತಿ ಎಂದರು. "ಆಸ್ತಿ ವಿವರ ಕೊಡಿ" ಎಂದು ಕೇಳಿದ್ದೇ ನಮ್ಮ ತಪ್ಪು. "ಇಂಥ ತಾರೀಖಿನಂದು ಸಲ್ಲಿಕೆಯಾದ ಇಂಥ ನಮೂನೆಯ ದೃಢೀಕೃತ ನಕಲು" ಎಂದು ಕೇಳಿದ್ದರೆ ಗುಮಾಸ್ತರಿಗೂ ಫೈಲ್ ತೆಗೆಯಲು ಸುಲಭವಾಗುತ್ತಿತ್ತು.

ಖರ್ಚು ಒಟ್ಟು ಐದು ಸಾವಿರದೊಳಗೆ: ಅನುವಾದಕ್ಕೆ ಹೋದದ್ದು ಎರಡು, ಜೆರಾಕ್ಸ್-ಪ್ರಿಂಟಿಗೆ ಒಂದು, ಉಳಿದದ್ದು ಅಂಚೆ, ನಕಲು ಶುಲ್ಕ. ಈಗ ಹೊಸದಾಗಿ ಮಾಡಿದರೆ ಹದಿನೈದು ನೂರಕ್ಕೆ ಮುಗಿಸುತ್ತೇವೆ.

ನಡುವೆ ಇದೇ ಬಗೆಯನ್ನು ತುಂಗಭದ್ರಾ ಎಡದಂಡೆಯ ಇಬ್ಬರು ಅಭ್ಯರ್ಥಿಗಳ ಮೇಲೂ ಪ್ರಯೋಗಿಸಿದೆವು. ಒಂದೇ ಸರ್ವೆ ನಂಬರ್ ಹಿಂದಿನ ಅಫಿಡವಿಟ್ಟಿನಲ್ಲಿ ಖುಷ್ಕಿ, ಮುಂದಿನದರಲ್ಲಿ ತರಿ. ಪಹಣಿ ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ನೋಡಿದರೆ ಕ್ರಯವೇ ಆಗಿಲ್ಲ, ಹೊಲಕ್ಕೆ ನೀರು ಬಂದಿತ್ತು. ಬೆಲೆ ಏರಿದ್ದು ಅದಕ್ಕೇ. ಅವಸರಪಟ್ಟು ಬರೆದಿದ್ದರೆ ಒಬ್ಬರ ಮಾನಕ್ಕೆ ಕುಂದು ತರುತ್ತಿದ್ದೆವು. ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಕೊಡುವ ಪಟ್ಟಿಯನ್ನು ಅಫಿಡವಿಟ್ ಜೊತೆ ಇಟ್ಟು ನೋಡುವ ಕೆಲಸ ಈಗ ಹಿಡಿದಿದ್ದೇವೆ, ಯಲಬುರ್ಗಾ ಮುಗಿದಿದೆ, ಕುಷ್ಟಗಿ ನಡೆದಿದೆ.