ಒಳತುಟಿ ಅಳತೆ: ಎಳೆತ ತಪ್ಪಿಸಿದ ಮೇಲೆ ಲೆಕ್ಕ ಕೂಡಿತು

ಯೋನಿಯ ಒಳತುಟಿ (ಲೇಬಿಯಾ ಮೈನೋರಾ) ಅಳೆಯುತ್ತೇನೆಂದರೆ, ‘ಅದು ಬರೀ ಚರ್ಮ, ಎಳೆದಷ್ಟೂ ಬರುತ್ತೆ, ಅದಕ್ಕೆಂಥಾ ಅಳತೆ?’ ಎಂದು ಜೊತೆಯ ವೈದ್ಯರು ಕೇಳುತ್ತಿದ್ದರು. ಮೊದಲ ಆರು ತಿಂಗಳ ಅಂಕಿಗಳೂ ಅವರ ಕಡೆಗೇ ಇದ್ದವು. ಒಬ್ಬರದೇ ಒಳತುಟಿಯ ಅಗಲ ನನ್ನ ಕೈಯಲ್ಲಿ 22 ಮಿ.ಮೀ., ಸಿಸ್ಟರ್ ಕೈಯಲ್ಲಿ 30. ಈಗ ನಮ್ಮಿಬ್ಬರ ನಡುವೆ 2–3 ಮಿ.ಮೀ. ದಾಟುವುದಿಲ್ಲ. ಈ ವಿಷಯದಲ್ಲಿ ನನಗೆ ಹೆಮ್ಮೆಯಿದೆ.

ತಪ್ಪಿದ್ದದ್ದು ಎಳೆತದಲ್ಲಿ. ಮುಟ್ಟದೆ, ಹೊರತುಟಿಯಾಚೆ ಎಷ್ಟು ಕಾಣುತ್ತದೆ ಎಂದು ಮೊದಲು ಬರೆಯುತ್ತೇನೆ. ಆಮೇಲೆ ಮಡಿಕೆ ಬಿಡಿಸುವಷ್ಟೇ ಪಕ್ಕಕ್ಕೆ ಹರಡಿ, ಬುಡದಿಂದ ಅಂಚಿನವರೆಗೆ ಅಳತೆ. ಅಂಚು ಬಿಳಿಚಿತೆಂದರೆ ಎಳೆತ ಹೆಚ್ಚಾಗಿದೆ. ಕೈಬಿಟ್ಟು ಮತ್ತೆ ಶುರು. ಎಡ, ಬಲ ಬೇರೆ ಬೇರೆ. ತೊಡೆ ಸಡಿಲಾಗಿರಬೇಕು, ಅದಕ್ಕೊಂದು ಉಪಾಯವಿದೆ, ಬಂದು ಕಲಿಯುವವರಿಗೆ ತೋರಿಸುತ್ತೇನೆ.

ಸ್ಟೀಲಿನ ಅಳತೆ ಸಾಧನ ವರ್ನಿಯರ್ ಕ್ಯಾಲಿಪರ್‌ಗೆ ಸುಮಾರು 1,200 ರೂಪಾಯಿ ಹಾಕಿದ್ದು ದಂಡವಾಯಿತು. ತಣ್ಣಗಿನ ಲೋಹ ತಾಗಿದೊಡನೆ ಮೈ ಬಿಗಿಯಾಗುತ್ತದೆ, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್‌ನಲ್ಲಿ ಜಾರುಪಟ್ಟಿ ತುಕ್ಕು ಹಿಡಿಯಿತು. ಈಗ ಪ್ರಿಂಟರ್‌ನಲ್ಲಿ ಮುದ್ರಿಸಿ, ಬಳಸಿ ಎಸೆಯುವ ಕಾಗದದ ಅಳತೆಪಟ್ಟಿ, ಒಂದಕ್ಕೆ ಎರಡು ರೂಪಾಯಿಯೂ ಬೀಳದು. ಆದರೆ ಪ್ರಿಂಟರ್ ಪುಟಕ್ಕೆ ಹೊಂದಿಸಲು ಅಳತೆಯನ್ನೇ ಕುಗ್ಗಿಸಿ, 10 ಸೆಂ.ಮೀ. ಗೆರೆ 9.6ಕ್ಕೆ ಇಳಿದಿತ್ತು, ಒಂದು ಕಂತಿನ ದಾಖಲೆ ಪೂರ್ತಿ ಹೋಯಿತು. ಪ್ರತಿ ಕಟ್ಟನ್ನೂ ಸ್ಕೇಲ್ ಇಟ್ಟು ನೋಡಿ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಲೇಪದಲ್ಲಿ ಅಚ್ಚು ತೆಗೆಯಲೂ ನೋಡಿದೆ. ಅದರ ಭಾರಕ್ಕೇ ತುಟಿ ಚಪ್ಪಟೆಯಾಗುತ್ತದೆ. ಬಿಟ್ಟೆ.

ಫೋಟೊ ಇಲ್ಲವೇ ಇಲ್ಲ. ವಯಸ್ಕರು ಮಾತ್ರ, ಬರಹದ ಒಪ್ಪಿಗೆ, ಪಕ್ಕದಲ್ಲಿ ಮಹಿಳಾ ಸಿಬ್ಬಂದಿ, ಕೈಯಿಂದ ಬಿಡಿಸಿದ ರೇಖಾಚಿತ್ರ.

ಅಗಲದ ಮೇಲೆ 2, 4, 6 ಸೆಂ.ಮೀ.ಗೆ ಗೆರೆ ಎಳೆಯುವ ಶಸ್ತ್ರಚಿಕಿತ್ಸಕರ ನಾಲ್ಕು ದರ್ಜೆಗಳನ್ನು ಕೈಬಿಟ್ಟೆ. ಕೇಸ್‌ಶೀಟಿನಲ್ಲಿ ‘ಗ್ರೇಡ್ 3’ ಎಂದು ಕಂಡರೆ ಇಪ್ಪತ್ತರ ಹುಡುಗಿ ಅದನ್ನು ರೋಗವೆಂದೇ ಓದುತ್ತಾಳೆ. 2005ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನದ 50 ಮಹಿಳೆಯರಲ್ಲೇ ಒಳತುಟಿಯ ಉದ್ದ 2ರಿಂದ 10 ಸೆಂ.ಮೀ., ಅಗಲ 0.7ರಿಂದ 5 ಸೆಂ.ಮೀ. ಇತ್ತು. ಇಷ್ಟು ಹರವಿರುವಾಗ ‘ದೊಡ್ಡದು’ ಎನ್ನಲು ಗೆರೆ ಎಲ್ಲಿ ಎಳೆಯುವುದು? ನಾನು ಬರೆಯುವುದು ಅಂಚು ನಯವೋ ನಿರಿಗೆಯೋ, ಬಣ್ಣ, ಚಂದ್ರನಾಡಿಯ (ಕ್ಲಿಟೋರಿಸ್) ಮೇಲಿನ ಮಡಿಕೆ, ಹೆರಿಗೆ, ಮುಟ್ಟು ನಿಂತಿದೆಯೇ ಎಂಬುದನ್ನು. ಮುಟ್ಟು ನಿಂತ ಮೇಲೆ ತುಟಿ ತೆಳುವಾಗುವುದರಿಂದ ಆ ಕೊನೆಯದನ್ನು ಬಿಡಬಾರದು.

ಒಳಬದಿಯ ಸಣ್ಣ ಮೆತ್ತನೆಯ, ಸಹಜವಾದ ಮೊನೆಗಳನ್ನು (ಪ್ಯಾಪಿಲೆ) ನರೂಲಿ ಎಂದು ಸುಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಪ್ಯಾಪಿಲೆ ಎರಡೂ ಬದಿ ಸಮನಾಗಿ, ಒಂದೊಂದಕ್ಕೂ ಬೇರೆ ಬುಡದೊಂದಿಗೆ ಇರುತ್ತದೆ. ನರೂಲಿಗಳು ಬುಡದಲ್ಲಿ ಕೂಡಿಕೊಳ್ಳುತ್ತವೆ.

ನನ್ನ ಒಂದು ಪೂರ್ತಿ ದಾಖಲೆ ಇಷ್ಟೇ: ‘ಎಡ 31 ಮಿ.ಮೀ., ಬಲ 12 ಮಿ.ಮೀ., ಎಡ ಅಂಚು ನಿರಿಗೆ, ಕಂದು. ಉಜ್ಜುವಿಕೆ, ನೋವು ಇಲ್ಲ. ಚಿಕಿತ್ಸೆ ಬೇಡ.’