ತಪ್ಪಿ ಇಡೀ ಸಿಸ್ಟಂಗೆ 777 ಕೊಟ್ಟುಬಿಟ್ಟರೆ

ಲಿನಕ್ಸ್‌ನಲ್ಲಿ ಫೈಲುಗಳ ಪರ್ಮಿಷನ್ ಬದಲಿಸುವ ಕಮಾಂಡ್ ಚ್‌ಮಾಡ್; 777 ಅಂದರೆ ಎಲ್ಲರಿಗೂ ಓದಲು, ಬರೆಯಲು, ಓಡಿಸಲು ಅನುಮತಿ, ರಿಕರ್ಸಿವ್ ಅಂದರೆ ಒಳಗಿರುವುದಕ್ಕೆಲ್ಲ. ವೆಬ್ ಫೋಲ್ಡರಿಗೆ ಅಂತ ಟೈಪ್ ಮಾಡಿದ ರಿಕರ್ಸಿವ್ ಚ್‌ಮಾಡ್ 777. ಸ್ಲ್ಯಾಶ್ ಆದಮೇಲೆ ಕಾಣದಂತೆ ಒಂದು ಸ್ಪೇಸ್ ಬಿದ್ದಿದೆ, ಕಮಾಂಡ್ ರೂಟ್ ಡೈರೆಕ್ಟರಿಯಿಂದಲೇ ಓಡತೊಡಗಿದೆ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಆಮೇಲೆ ಒಂದು ನಿಮಿಷ ಏನೂ ಮಾಡಬೇಡಿ. ಲಾಗೌಟ್ ಬೇಡ, ರೀಬೂಟ್ ಅಂತೂ ಬೇಡವೇ ಬೇಡ.

ತೆರೆದಿರುವ ಆ ರೂಟ್ ಶೆಲ್ (ಪೂರ್ಣ ಅಧಿಕಾರದ ಟರ್ಮಿನಲ್) ಈಗ ನಿಮ್ಮ ಹತ್ತಿರ ಇರುವ ಒಂದೇ ಬಾಗಿಲು. ಮಾಮೂಲಿ ಯೂಸರ್‌ಗೆ ರೂಟ್ ಅಧಿಕಾರ ಕೊಡುವ ಸುಡೊ ಕೆಲಸ ಮಾಡಲು ಅದರ ಫೈಲಿಗೆ ಸೆಟ್‌ಯುಐಡಿ ಬಿಟ್ (ಯಾರೇ ಓಡಿಸಿದರೂ ಫೈಲಿನ ಓನರ್ ಅಧಿಕಾರದಲ್ಲೇ ಓಡಲಿ ಅನ್ನುವ ಗುರುತು) ಬೇಕು, ಅಂದರೆ ಸಾಮಾನ್ಯವಾಗಿ 4755. 777 ಕೊಟ್ಟಾಗ ಮುಂದಿನ ಆ 4 ಹಾರಿಹೋಗುತ್ತದೆ. ಹೋಸ್ಟ್ ಕೀಗಳನ್ನು (ಸರ್ವರ್ ತನ್ನ ಗುರುತು ತೋರಿಸಲು ಬಳಸುವ ಗುಟ್ಟಿನ ಕೀಗಳು) ಯಾರು ಬೇಕಾದರೂ ಓದಬಹುದು ಅಂತಾದರೆ ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಲಾಗಿನ್ ಆಗುವ ದಾರಿ) ಮುಂದಿನ ಸಲ ಸ್ಟಾರ್ಟ್ ಆಗುವಾಗ ಅವನ್ನು ಮುಟ್ಟುವುದಿಲ್ಲ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರೂ ಬರೆಯಬಹುದು ಅಂತಾದರೆ ಕೀ ಲಾಗಿನ್ ಕೂಡ ಹೋಯಿತು.

ಚ್‌ಮಾಡ್‌ಗೆ ಅನ್‌ಡೂ ಇಲ್ಲ. ಹಳೆಯ ಪರ್ಮಿಷನ್ ಏನಿತ್ತು ಅಂತ ಫೈಲ್‌ಸಿಸ್ಟಂ ನೆನಪಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಅದು ಬೇರೆ ಎಲ್ಲಿ ಬರೆದಿದೆ ಅಂತ ಹುಡುಕಬೇಕು. ಗಾಬರಿಯಲ್ಲಿ ಇಡೀ ಡಿಸ್ಕಿಗೆ 755 (ಓನರ್ ಮಾತ್ರ ಬರೆಯಬಹುದು, ಉಳಿದವರು ಓದಿ ಓಡಿಸಬಹುದು) ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಹಾಳಾಗದೆ ಉಳಿದಿದ್ದೂ ಅದರಿಂದ ಹಾಳಾಗುತ್ತದೆ.

ಮೊದಲು ಹಾನಿ ಎಲ್ಲಿವರೆಗೆ ಹೋಗಿದೆ ನೋಡಿ. ಪರ್ಮಿಷನ್ ಬದಲಾದಾಗ ಫೈಲಿನ ಎಂಟೈಮ್ (ಒಳಗಿನ ಬರಹ ಬದಲಾದ ಸಮಯ) ಬದಲಾಗುವುದಿಲ್ಲ, ಆದರೆ ಸಿಟೈಮ್ (ಪರ್ಮಿಷನ್ ಮೊದಲಾದ ವಿವರ ಬದಲಾದ ಸಮಯ) ಬದಲಾಗುತ್ತದೆ. ಫೈಂಡ್ ಕಮಾಂಡಿಗೆ ಮೈನಸ್ ಎಕ್ಸ್‌ಡೆವ್, ಮೈನಸ್ ಸಿಮಿನ್, ಮೈನಸ್ 30 ಅಂತ ಕೊಟ್ಟರೆ ಕಳೆದ ಅರ್ಧ ಗಂಟೆಯಲ್ಲಿ ಬದಲಾದದ್ದೆಲ್ಲ ಸಾಲಾಗಿ ಬರುತ್ತದೆ. ಆ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ. ಲಾಗ್ ಫೈಲುಗಳೂ ಸೇರಿಕೊಂಡಿರುತ್ತವೆ, ಪರವಾಗಿಲ್ಲ. ಬೇಗ ನಿಲ್ಲಿಸಿದ್ದರೆ ಎಷ್ಟೋ ಸಲ ಒಂದೆರಡು ಡೈರೆಕ್ಟರಿಗೇ ವಿಷಯ ಮುಗಿದಿರುತ್ತದೆ.

ಆರ್‌ಪಿಎಂ ಪ್ಯಾಕೇಜ್ ಮ್ಯಾನೇಜರ್ ಬಳಸುವ ಸಿಸ್ಟಂ (ಫೆಡೋರಾ, ರೆಡ್ ಹ್ಯಾಟ್ ತರಹದ್ದು) ಆದರೆ ನಿಮ್ಮ ಪುಣ್ಯ. ಪ್ರತಿ ಪ್ಯಾಕೇಜಿನ ಪರ್ಮಿಷನ್ ಅದರ ಡೇಟಾಬೇಸಿನಲ್ಲೇ ಇದೆ. ಆ ಆರ್‌ಪಿಎಂ ಕಮಾಂಡಿಗೆ ಎರಡು ಆಯ್ಕೆ, ಓನರ್ ಸರಿಮಾಡುವುದೊಂದು, ಪರ್ಮಿಷನ್ ಸರಿಮಾಡುವುದೊಂದು: ಮೊದಲು ಸೆಟ್‌ಯುಜಿಐಡಿಎಸ್, ಆಮೇಲೆ ಸೆಟ್‌ಪರ್ಮ್ಸ್, ಎರಡಕ್ಕೂ ಮೈನಸ್ ಎ. ಈ ಕ್ರಮ ತಪ್ಪಿಸಬೇಡಿ, ಯಾಕಂದ್ರೆ ಓನರ್ ಬದಲಿಸಿದಾಗ ಸೆಟ್‌ಯುಐಡಿ ಬಿಟ್ ಅಳಿಸಿಹೋಗುತ್ತದೆ, ಪರ್ಮಿಷನ್ ಕೊನೆಗೆ ಬಂದರೆ ಮಾತ್ರ ಅದು ಉಳಿಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜುಗಳನ್ನು ರೀಇನ್‌ಸ್ಟಾಲ್ ಮಾಡಬೇಕು. ಆದರೂ ಡೈರೆಕ್ಟರಿಗಳು ಮತ್ತು ಕಾನ್ಫಿಗ್ ಫೈಲುಗಳು ಅದರಿಂದ ಸರಿಹೋದವು ಅಂತ ನಂಬಿ ಕೂರಬೇಡಿ, ಕೈಯಾರೆ ನೋಡಿ: ಟೆಂಪ್ ಡೈರೆಕ್ಟರಿಗೆ 1777, ಸುಡೊ ಯಾರು ಬಳಸಬಹುದು ಅಂತ ಬರೆದಿರುವ ಸುಡೋಯರ್ಸ್ ಫೈಲಿಗೆ 440.

ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಬೇರೆ. ಅದೇ ವರ್ಷನ್‌ನ ಇನ್ನೊಂದು ಮೆಷಿನ್ ಇದೆ ಅಲ್ವಾ? ಅಲ್ಲಿ ಫೈಲುಗಳ ಪರ್ಮಿಷನ್ ಪಟ್ಟಿಮಾಡುವ ಗೆಟ್‌ಫ್ಯಾಕಲ್ ಅನ್ನು ರಿಕರ್ಸಿವ್ ಆಗಿ ಓಡಿಸಿ, ಬಂದದ್ದನ್ನು ಒಂದು ಫೈಲಿಗೆ ಹಾಕಿ, ಇಲ್ಲಿಗೆ ತಂದು ಸೆಟ್‌ಫ್ಯಾಕಲ್ ರಿಸ್ಟೋರ್ ಕೊಡಿ. ಓನರ್, ಗ್ರೂಪ್, ಸೆಟ್‌ಯುಐಡಿ ಎಲ್ಲ ಬರುತ್ತದೆ. ನಿಮ್ಮ ಮೆಷಿನ್ನಿನದೇ ಇಂಥ ಒಂದು ಫೈಲನ್ನು ವಾರಕ್ಕೊಮ್ಮೆ, ಹೇಳಿದ ಹೊತ್ತಿಗೆ ಕಮಾಂಡ್ ತಾನೇ ಓಡಿಸುವ ಕ್ರಾನ್‌ನಲ್ಲಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ನಿಮ್ಮದೇ ಡೇಟಾ ಯಾವ ಪ್ಯಾಕೇಜಿಗೂ ಸೇರಿರುವುದಿಲ್ಲ. ಅದಕ್ಕೆ ಫೈಂಡ್ ಬಳಸಿ ಡೈರೆಕ್ಟರಿಗಳಿಗೆ 755, ಫೈಲುಗಳಿಗೆ 644 ಕೊಟ್ಟು, ಸ್ಕ್ರಿಪ್ಟುಗಳಿಗೆ ಬೇರೆಯಾಗಿ ಎಕ್ಸಿಕ್ಯೂಟ್ ಸೇರಿಸಿ. ಡೈರೆಕ್ಟರಿಗಳಿಗೂ ಮೊದಲೇ ಎಕ್ಸಿಕ್ಯೂಟ್ ಇರುವ ಫೈಲುಗಳಿಗೂ ಮಾತ್ರ ಎಕ್ಸಿಕ್ಯೂಟ್ ಕೊಡುವ ದೊಡ್ಡ ಎಕ್ಸ್ ಇಲ್ಲಿ ಪ್ರಯೋಜನಕ್ಕೆ ಬಾರದು, ಏಕೆಂದರೆ 777 ಆದಮೇಲೆ ಎಲ್ಲ ಫೈಲಿಗೂ ಎಕ್ಸಿಕ್ಯೂಟ್ ಬಂದಿರುತ್ತದೆ. ಡಾಟ್ ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಒಳಗಿನ ಪ್ರೈವೇಟ್ ಕೀಗೆ 600.

ಕೆಲವೊಮ್ಮೆ ಉಲ್ಟಾ ಆಗಿರುತ್ತದೆ: ಎಕ್ಸಿಕ್ಯೂಟ್ ತೆಗೆಯಲು ಹೋಗಿ ಚ್‌ಮಾಡ್ ಕಮಾಂಡಿನದ್ದೇ ಹೋಗಿದೆ. ಆಗ ಪರ್ಲ್ ಅಥವಾ ಪೈಥಾನ್ ಒಳಗಿನ ಚ್‌ಮಾಡ್ ಫಂಕ್ಷನ್ ಕರೆದು ಆ ಬೈನರಿಗೆ 755 ಕೊಡಿ. ಅವೂ ಓಡದಿದ್ದರೆ, ಹಲವು ಕಮಾಂಡುಗಳನ್ನು ಒಂದೇ ಫೈಲಿನಲ್ಲಿ ಇಟ್ಟಿರುವ ಬಿಝಿಬಾಕ್ಸ್ ಓಡುವ ಹಾಗಿದೆಯಾ ನೋಡಿ, ಅದರೊಳಗೂ ಚ್‌ಮಾಡ್ ಇರುತ್ತದೆ.

ಶೆಲ್ ಆಗಲೇ ಮುಚ್ಚಿಹೋಗಿದ್ದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಆ ಡಿಸ್ಕನ್ನೇ ರೂಟ್ ಡೈರೆಕ್ಟರಿಯಾಗಿ ಕಾಣಿಸುವ ಚ್‌ರೂಟ್ ಒಳಗೆ ಹೋಗಿ ಇದೇ ಕೆಲಸ ಮಾಡಬಹುದು.

ಎಲ್ಲ ಸರಿಹೋದಮೇಲೆ ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ಸುಡೊ ನೋಡಿ, ಆಮೇಲಷ್ಟೇ ಹಳೆಯ ಶೆಲ್ ಮುಚ್ಚಿ. ಆ ಮೆಷಿನ್ನಿಗೆ ಬೇರೆ ಯೂಸರ್‌ಗಳೂ ಬರುತ್ತಾರೆ ಅಂತಾದರೆ, ಅಷ್ಟು ಹೊತ್ತು ತೆರೆದಿದ್ದ ಪ್ರೈವೇಟ್ ಕೀಗಳನ್ನೂ ಕಾನ್ಫಿಗ್ ಫೈಲುಗಳಲ್ಲಿದ್ದ ಪಾಸ್‌ವರ್ಡುಗಳನ್ನೂ ಅವತ್ತೇ ಬದಲಿಸಿ.